ಇದು ಯಾರ ಗಡಿಯಾರದ ಏಳು ಗಂಟೆ?

ಈ ಸಲ ಬಂದ ಪತ್ರಗಳನ್ನು ಓದಿದರೆ ಎಲ್ಲರೂ ಒಂದೇ ಜಗಲಿಯಲ್ಲಿ ಕೂತು ಬರೆದ ಹಾಗಿದೆ. ಒಬ್ಬರಿಗೆ ಅತಿಥಿಗಳು ಒಂದು ದಿನ ಮೊದಲೇ ಬಂದರು, ಇನ್ನೊಬ್ಬರಿಗೆ ಹಾಲಿನ ಲೆಕ್ಕ ಹಿಂದಿನ ದಿನಕ್ಕೆ ಹೋಯಿತು, ಮತ್ತೊಬ್ಬರಿಗೆ ಏಕಾದಶಿಯೇ ಎರಡಾಯಿತು. ಹಾಗಾಗಿ ಪ್ರಿಂಟರ್, ವೈಫೈ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಇವತ್ತು ಪೂರ್ತಿ ಗಡಿಯಾರದ್ದೇ ಮಾತು.

ಹೊಸ ಓದುಗರಿಗೆ ಒಂದು ಮಾತು. ಬೇರೆಯವರು ಬರೆದ ವೆಬ್ ಆಪ್‌ಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಮೊದಲು ಬೆಂಗಳೂರಿನಲ್ಲಿದ್ದೆ. ಈಗ ಚಿಕ್ಕಮಗಳೂರಿನ ಪಕ್ಕದ ಹಿರೇಮಗಳೂರಿನಲ್ಲಿ ಮನೆಯಿಂದಲೇ ಕೆಲಸ. ನನ್ನ ಲ್ಯಾಪ್‌ಟಾಪ್, ನಮ್ಮ ಅತ್ತೆಯ ಪಂಚಾಂಗ ಎರಡೂ ಒಂದೇ ಮೇಜಿನ ಮೇಲೆ ಇರುತ್ತವೆ. ಈ ವಿಷಯಕ್ಕೆ ಅದು ಎಷ್ಟು ಅನುಕೂಲ ಅಂತ ಕೊನೆಗೆ ಗೊತ್ತಾಗುತ್ತದೆ.

ಪ್ರಶ್ನೆ: ಅಕ್ಕಾ, ನಮ್ಮದೂ ಅಕ್ಕಪಕ್ಕದವರದೂ ಸೇರಿ ಐದು ಹೋಮ್‌ಸ್ಟೇಗೆ ನಾನೇ ಬುಕಿಂಗ್ ಸೈಟ್ ಮಾಡಿದ್ದೇನೆ. ಕ್ಯಾಲಿಫೋರ್ನಿಯಾದ ಕುಟುಂಬಕ್ಕೆ ಅವರ ಬೆಂಗಳೂರಿನ ನೆಂಟರು ಡಿಸೆಂಬರ್ 24ಕ್ಕೆ ರೂಮು ಬುಕ್ ಮಾಡಿ ಲಿಂಕ್ ಕಳಿಸಿದ್ದರು. ಇವರು 23ರ ಸಂಜೆಯೇ ಬಂದಿಳಿದರು. ಅಲ್ಲಿಂದ ಹೊರಡುವಾಗ ತೆಗೆದ ಸ್ಕ್ರೀನ್‌ಶಾಟ್‌ನಲ್ಲಿ 23 ಅಂತಲೇ ಇದೆ. ನಮ್ಮ ಅಂಗಳದಲ್ಲಿ ನಿಂತು ಅದೇ ಲಿಂಕ್ ತೆರೆದರೆ 24! ರೂಮು ತುಂಬಿತ್ತು, ಹಾಲ್‌ನಲ್ಲಿ ಹಾಸಿಗೆ ಹಾಸಿಕೊಟ್ಟೆವು. ಒಳ್ಳೆಯವರು, ಬೈಯಲಿಲ್ಲ. ತಪ್ಪು ಎಲ್ಲಿ?
— ಹೋಮ್‌ಸ್ಟೇ ನಡೆಸುವವರು, ಮೂಡಿಗೆರೆ ತಾಲ್ಲೂಕು

ಉತ್ತರ: ನೀವು ಡೇಟಾಬೇಸಿನಲ್ಲಿ ದಿನಾಂಕವನ್ನು ಸರಿಯಾಗಿಯೇ ಇಟ್ಟಿದ್ದೀರಿ. ತೋರಿಸುವಾಗ ಎಡವಿದ್ದೀರಿ. ಬ್ರೌಸರಿನೊಳಗೆ ಓಡುವ ಭಾಷೆ ಜಾವಾಸ್ಕ್ರಿಪ್ಟ್‌ಗೆ ಗಂಟೆ ಇಲ್ಲದೆ ಬರೀ ‘2024-12-24’ ಅಂತ ಕೊಟ್ಟು ಡೇಟ್ ಮಾಡು ಅಂದರೆ, ಅದು ಯುಟಿಸಿ ಪ್ರಕಾರ 24ರ ನಡುರಾತ್ರಿ 12 ಗಂಟೆ ಅಂತ ತಿಳಿದುಕೊಳ್ಳುತ್ತದೆ. ಯುಟಿಸಿ ಅಂದರೆ ಲೋಕಕ್ಕೆಲ್ಲ ಒಂದೇ ಆದ ಅಳತೆಯ ಸಮಯ. ಅದಕ್ಕಿಂತ ನಾವು ಐದೂವರೆ ಗಂಟೆ ಮುಂದೆ. ಅದು ನಡುರಾತ್ರಿ ಅಂದಾಗ ಮೂಡಿಗೆರೆಯಲ್ಲಿ 24ರ ಬೆಳಿಗ್ಗೆ ಐದೂವರೆ. ತಾರೀಕು 24, ಸರಿ. ಕ್ಯಾಲಿಫೋರ್ನಿಯಾ ಡಿಸೆಂಬರ್‌ನಲ್ಲಿ ಯುಟಿಸಿಗಿಂತ 8 ಗಂಟೆ ಹಿಂದೆ. ಅಲ್ಲಿ ಇನ್ನೂ 23ರ ಸಂಜೆ ನಾಲ್ಕು. ಆ ಫೋನು ಬೆಂಗಳೂರಿನಲ್ಲಿ ಇಳಿದ ಕೂಡಲೇ ಭಾರತದ ಸಮಯಕ್ಕೆ ತಿರುಗಿತು, ಪುಟವೂ 24 ಅಂದಿತು.

ಮೂಡಿಗೆರೆಯಲ್ಲಿ ಕೂತು ನೀವು ನೂರು ಸಲ ಟೆಸ್ಟ್ ಮಾಡಿದ್ದರೂ ಈ ತಪ್ಪು ಸಿಗುತ್ತಿರಲಿಲ್ಲ. ಯುಟಿಸಿಗಿಂತ ಹಿಂದೆ ಇರುವ ಊರುಗಳಿಗೆ ಮಾತ್ರ ಅದು ಕಾಣುವುದು. ನಮ್ಮ ಕಡೆ ಕಾಣುವುದು ಇದರ ತಮ್ಮ. ಕ್ಯಾಲೆಂಡರ್‌ನಲ್ಲಿ 24 ಒತ್ತಿದರೆ ಬ್ರೌಸರ್ ಅದನ್ನು ಇಲ್ಲಿಯ 24ರ ನಡುರಾತ್ರಿ ಅಂತ ಹಿಡಿಯುತ್ತದೆ. ಸರ್ವರ್‌ಗೆ ಕಳಿಸುವಾಗ ಯುಟಿಸಿಗೆ ತಿರುಗಿಸಿದರೆ 23ರ 18:30 ಆಗುತ್ತದೆ. ಯಾರೋ ಜಾಣರು ಗಂಟೆ ಬೇಡ ಅಂತ ಹಿಂದಿನ ಭಾಗ ಕತ್ತರಿಸಿದರೆ ಉಳಿಯುವುದು 23. ಹೊಸ ಗಿರಾಕಿಯ ಡೇಟಾಬೇಸ್ ಕೈಗೆ ಬಂದರೆ ನಾನು ಮೊದಲು ಹುಡುಕುವುದೇ ಈ 18:30. ಸಾಲುಸಾಲಾಗಿ 18:30:00 ಕಂಡಿತೋ, ಯಾರೋ ಬರೀ ದಿನಾಂಕವನ್ನು ಗಂಟೆಯ ಡಬ್ಬಿಗೆ ತುರುಕಿದ್ದಾರೆ ಅಂತ ಅರ್ಥ.

ರಿಪೇರಿ ಹೀಗೆ. ಚೆಕ್-ಇನ್ ತಾರೀಕು ಬರೀ ತಾರೀಕು. ಅದಕ್ಕೆ ಗಂಟೆಯೂ ಇಲ್ಲ, ಟೈಮ್‌ಜೋನೂ ಇಲ್ಲ. ಡೇಟಾಬೇಸಿನಲ್ಲಿ ಡೇಟ್ ಕಾಲಮ್, ದಾರಿಯಲ್ಲಿ ಬರೀ ಅಕ್ಷರ, ಪರದೆಯ ಮೇಲೂ ಆ ಅಕ್ಷರವನ್ನೇ ವರ್ಷ, ತಿಂಗಳು, ದಿನ ಅಂತ ಬಿಡಿಸಿ ತೋರಿಸಿ. ಜಾವಾದವರಿಗೆ 2014ರಲ್ಲಿ ಬಂದ 8ನೇ ಆವೃತ್ತಿಯಿಂದಲೂ ಇದಕ್ಕೆಂದೇ ಲೋಕಲ್‌ಡೇಟ್ ಇದೆ. ಜಾವಾಸ್ಕ್ರಿಪ್ಟ್‌ಗೆ ಟೆಂಪೊರಲ್ ಎಂಬ ಹೊಸ ಸವಲತ್ತಿನಲ್ಲಿ ಪ್ಲೇನ್‌ಡೇಟ್ ಬಂದಿದೆ, ತುಂಬಾ ತಡವಾಗಿ.

‘ಮಧ್ಯಾಹ್ನ 12ಕ್ಕೆ ಚೆಕ್-ಇನ್’ ಅಂತ ಬರೆದಿದ್ದೀರಲ್ಲ, ಅದು ನಿಮ್ಮ ಮನೆ ಗೋಡೆಯ ಗಡಿಯಾರದ 12. ನೋಡುವವರು ಎಲ್ಲೇ ಇರಲಿ, ಅದನ್ನು ಅವರ ಸಮಯಕ್ಕೆ ತಿರುಗಿಸಬೇಡಿ. ಪಕ್ಕದಲ್ಲಿ ‘ಭಾರತದ ಸಮಯ’ ಅಂತ ಹಾಕಿದರೆ ಸಾಕು. ಆದರೆ ‘48 ಗಂಟೆ ಮೊದಲು ರದ್ದು ಮಾಡಿದರೆ ಹಣ ವಾಪಸ್’ ಅನ್ನುವ ಗಡುವು ಬೇರೆ ಜಾತಿ. ಅದು ಎಲ್ಲರಿಗೂ ಒಂದೇ ಕ್ಷಣ. ಇಲ್ಲಿ 22ರ ಮಧ್ಯಾಹ್ನ 12 ಆದರೆ ಕ್ಯಾಲಿಫೋರ್ನಿಯಾದಲ್ಲಿ 21ರ ರಾತ್ರಿ ಹತ್ತೂವರೆ. ಇದನ್ನು ಮಾತ್ರ ಅವರ ಸಮಯದಲ್ಲಿ, ನಮ್ಮ ಸಮಯದಲ್ಲಿ ಎರಡರಲ್ಲೂ ತೋರಿಸಿ. ದುಡ್ಡಿನ ಜಗಳ ಬರುವುದು ಇಲ್ಲೇ.

ಟೆಸ್ಟ್ ಮಾಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ಸೆನ್ಸರ್ಸ್ ಅಂತ ಇದೆ, ಅಲ್ಲಿ ಊರು ಬದಲಿಸಬಹುದು. ನಾನು ಯಾವಾಗಲೂ ಮೂರು ಕಡೆ ಹೋಗಿಬರುತ್ತೇನೆ. ನ್ಯೂಯಾರ್ಕ್, ಯುಟಿಸಿಗಿಂತ ಐದೂಮುಕ್ಕಾಲು ಗಂಟೆ ಮುಂದಿರುವ ಕಠ್ಮಂಡು, ಆಮೇಲೆ 14 ಗಂಟೆ ಮುಂದಿರುವ ಪೆಸಿಫಿಕ್ಕಿನ ಕಿರಿಟಿಮಾಟಿ ದ್ವೀಪ. ಆ ದ್ವೀಪದ ಹೆಸರು ‘ಕ್ರಿಸ್‌ಮಸ್’ ಅನ್ನುವುದನ್ನೇ ಅವರ ಭಾಷೆಯಲ್ಲಿ ಬರೆದದ್ದಂತೆ. ನಿಮ್ಮ 24ನೇ ತಾರೀಕಿಗೆ ಸರಿಹೊಂದುತ್ತದೆ.

ಪ್ರಶ್ನೆ: ನಮ್ಮೂರ ಡೈರಿಗೆ ಹಾಲಿನ ಲೆಕ್ಕ ಬರೆಯಲು ನನ್ನ ತಮ್ಮ ಒಂದು ಸಣ್ಣ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದಾನೆ. ಎಲ್ಲರಿಗಿಂತ ಮೊದಲು ಬಂದು ಹಾಲು ಹಾಕುವ ನಾಲ್ಕೈದು ಜನರ ಲೀಟರು ಮಾತ್ರ ಹಿಂದಿನ ದಿನಕ್ಕೆ ಸೇರುತ್ತಿದೆ. ತಡವಾಗಿ ಬರುವವರದು ಸರಿಯಾಗಿದೆ. ಬೇಗ ಏಳೋದೇ ತಪ್ಪಾ ಅಂತ ಕೇಳುತ್ತಿದ್ದಾರೆ.
— ಚನ್ನರಾಯಪಟ್ಟಣದ ಕಡೆಯವರು

ಉತ್ತರ: ಅವರು ಬರುವುದು ಐದೂವರೆಗೆ ಮೊದಲು, ಅಲ್ವಾ? ನಿಮ್ಮ ಪತ್ರದಲ್ಲಿ ಅದಿಲ್ಲ. ಆದರೂ ಪಣ ಕಟ್ಟುತ್ತೇನೆ.

ನಿಮ್ಮ ತಮ್ಮ ಬಾಡಿಗೆಗೆ ಹಿಡಿದ ಸರ್ವರ್ ಯುಟಿಸಿಯಲ್ಲಿ ಓಡುತ್ತಿದೆ. ಅದರ ನಡುರಾತ್ರಿ ನಮಗೆ ಬೆಳಿಗ್ಗೆ ಐದೂವರೆ. ಅಂದರೆ ನಿಮ್ಮ ಡೈರಿಯಲ್ಲಿ ಸೋಮವಾರ ಶುರುವಾಗುವುದು ಸೋಮವಾರ ಐದೂವರೆಗೆ. ಐದೂಕಾಲಿಗೆ ಕ್ಯಾನು ಇಟ್ಟವರು ಇನ್ನೂ ಭಾನುವಾರದಲ್ಲೇ ಇದ್ದಾರೆ.

ಗಾಬರಿ ಬೇಡ, ಹಳೆಯ ಲೆಕ್ಕ ಹಾಳಾಗಿಲ್ಲ. ಹಾಲು ಹಾಕಿದ ಕ್ಷಣ ಸರಿಯಾಗಿಯೇ ದಾಖಲಾಗಿದೆ. ದಿನ ಅಂತ ಗುಂಪು ಮಾಡುವ ಸಾಲನ್ನು ಮಾತ್ರ ತಿದ್ದಬೇಕು. ಮೊದಲು ಸಮಯವನ್ನು ಭಾರತಕ್ಕೆ ತಿರುಗಿಸಿ, ಆಮೇಲೆ ದಿನ ತೆಗೆಯಲು ಹೇಳಿ. ಡೇಟಾಬೇಸು ಪೋಸ್ಟ್‌ಗ್ರೆಸ್ ಆದರೆ ‘ಅಟ್ ಟೈಮ್ ಜೋನ್’ ಎಂಬ ಪದವೇ ಇದೆ. ಮೈಎಸ್‌ಕ್ಯೂಎಲ್ ಆದರೆ ಕಾಲಮ್ ಯಾವುದು ನೋಡಲಿ. ಟೈಮ್‌ಸ್ಟ್ಯಾಂಪ್ ಆಗಿದ್ದರೆ ಒಳಗೆ ಯುಟಿಸಿಯಲ್ಲಿ ಇಟ್ಟು ಹೊರಗೆ ಕೊಡುವಾಗ ತಿರುಗಿಸುತ್ತದೆ, ಡೇಟ್‌ಟೈಮ್ ಆಗಿದ್ದರೆ ಕೊಟ್ಟದ್ದನ್ನು ಹಾಗೇ ಇಡುತ್ತದೆ. ಎರಡನ್ನೂ ಬೆರೆಸಿದ ಟೇಬಲ್‌ಗಳನ್ನು ನಾನು ನೋಡಿದ್ದೇನೆ, ಶತ್ರುವಿಗೂ ಬೇಡ.

ರಾತ್ರಿ 12ಕ್ಕೆ ಓಡಲಿ ಅಂತ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಕೆಲಸ ಶುರುಮಾಡುವ ಸವಲತ್ತು) ಇಟ್ಟ ರಿಪೋರ್ಟ್ ಇದ್ದರೆ ಅದನ್ನೂ ನೋಡಿ. ಅದೂ ಐದೂವರೆಗೇ ಓಡುತ್ತಿರುತ್ತದೆ.

‘ಸರ್ವರ್‌ನ ಗಡಿಯಾರವನ್ನೇ ಭಾರತಕ್ಕೆ ತಿರುಗಿಸಿಬಿಟ್ಟರೆ ಆಗಲ್ವಾ’ ಅಂತ ತಮ್ಮ ಕೇಳಬಹುದು. ಆಗುತ್ತದೆ. ದುಬೈನಿಂದ ಯಾರೂ ನಿಮ್ಮ ಡೈರಿಗೆ ಹಾಲು ತರುವುದಿಲ್ಲ. ಪುಸ್ತಕದವರು ಒಪ್ಪದಿದ್ದರೂ ಸಣ್ಣ ಕೆಲಸಕ್ಕೆ ದೊಡ್ಡ ಮಡಿ ಬೇಡ ಅಂತ ನನ್ನ ಮತ. ಒಂದೇ ಭಯ. ನಾಳೆ ಸರ್ವರ್ ಬದಲಿಸಿದ ದಿನ ಆ ಸೆಟ್ಟಿಂಗ್ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಟೈಮ್‌ಜೋನ್‌ನ ಹೆಸರನ್ನು ಕೋಡ್‌ನಲ್ಲೇ ಬರೆದಿಡಲಿ.

ಪ್ರಶ್ನೆ: ‘ಎಲ್ಲ ಸಮಯವನ್ನೂ ಯುಟಿಸಿಯಲ್ಲಿ ಇಡಿ, ತೋರಿಸುವಾಗ ಮಾತ್ರ ತಿರುಗಿಸಿ, ಅಷ್ಟೇ’ ಅಂತ ನಮ್ಮ ಲೆಕ್ಚರರ್ ಹೇಳಿದರು. ನಮ್ಮ ಅತ್ತೆಯ ಆನ್‌ಲೈನ್ ಸಂಗೀತ ತರಗತಿಗೆ ಆಪ್ ಮಾಡುತ್ತಿದ್ದೇನೆ. ಅವರು ಹಾಸನದಲ್ಲಿ, ಮಕ್ಕಳು ಲಂಡನ್, ದುಬೈನಲ್ಲಿ. ಯುಟಿಸಿ ಸಾಕಾ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಆಗಿಹೋದದ್ದಕ್ಕೆ ಸಾಕು ಕಣಮ್ಮಾ, ಆಗಬೇಕಾದ್ದಕ್ಕೆ ಸಾಲದು. ಫೀಸು ಕಟ್ಟಿದ್ದು ಯಾವಾಗ, ಲಾಗಿನ್ ಆದದ್ದು ಯಾವಾಗ, ಇವೆಲ್ಲ ನಡೆದುಹೋದ ಕ್ಷಣಗಳು. ಯುಟಿಸಿಯಲ್ಲಿ ಇಡು, ಕಣ್ಣುಮುಚ್ಚಿ. ‘ಪ್ರತಿ ಶನಿವಾರ ಸಂಜೆ ಆರಕ್ಕೆ ಪಾಠ’ ಅನ್ನುವುದು ಕ್ಷಣ ಅಲ್ಲ, ಮಾತು ಕೊಟ್ಟದ್ದು. ಯಾರ ಗಡಿಯಾರದ ಆರು ಅಂತ ಮೊದಲು ತೀರ್ಮಾನ ಆಗಬೇಕು.

ಇದನ್ನು ನಾನು ಕಲಿತದ್ದು ಒಂದು ನವೆಂಬರ್‌ನಲ್ಲಿ. ನ್ಯೂಯಾರ್ಕಿನ ಗಿರಾಕಿಯ ಜೊತೆ ವಾರಕ್ಕೊಂದು ಮೀಟಿಂಗ್. ಅವರಿಗೆ ಬೆಳಿಗ್ಗೆ ಎಂಟೂವರೆ, ನನಗೆ ಸಂಜೆ ಆರು. ಮೀಟಿಂಗ್ ನೆನಪಿಸುವ ಪುಟವನ್ನು ಬರೆದವಳು ನಾನೇ. ಬೇಸಿಗೆಯಲ್ಲಿ ಮಾಡಿದ್ದೆ, ಯುಟಿಸಿ 12:30 ಅಂತ ಇಟ್ಟಿದ್ದೆ. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಬೇಸಿಗೆಗೆಂದು ಮುಂದೆ ಇಟ್ಟಿದ್ದ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಅವರ ಎಂಟೂವರೆ ಈಗ ನಮ್ಮ ಸಂಜೆ ಏಳು. ನನ್ನ ಪುಟ ಮಾತ್ರ ಆರು ಅಂತಲೇ ಹೇಳಿತು. ಕಾಫಿ ಕೊಯ್ಲು ಶುರುವಾಗುವ ಹೊತ್ತು. ತೋಟದಲ್ಲಿ ಆಳುಗಳಿಗೆ ಲೆಕ್ಕ ಕೊಡುವುದನ್ನು ಅರ್ಧಕ್ಕೆ ಬಿಟ್ಟು ಓಡಿಬಂದು ಖಾಲಿ ಪರದೆಯ ಮುಂದೆ ಒಂದು ಗಂಟೆ ಕೂತೆ. ಏಳಕ್ಕೆ ಬಂದವರು ‘ನೀವು ಬೇಗ ಬಂದಿದ್ದೀರಿ’ ಅಂತ ಹೊಗಳಿದರು. ನನ್ನದೇ ಕೋಡು, ಯಾರ ಮೇಲೆ ಹಾರಾಡಲಿ?

ಅಮೆರಿಕದಲ್ಲಿ 2007ರಿಂದ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಬ್ರಿಟನ್, ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ, ಅಕ್ಟೋಬರ್ ಕೊನೆಯ ಭಾನುವಾರ. ಈ ಎರಡರ ನಡುವಿನ ವಾರಗಳಲ್ಲಿ ಲಂಡನ್-ನ್ಯೂಯಾರ್ಕ್ ಅಂತರವೂ ಬದಲು. ಇನ್ನೂ ಒಂದು ತಮಾಷೆ ಇದೆ. 2024ರ ನವೆಂಬರ್ 3ರಂದು ನ್ಯೂಯಾರ್ಕಿನಲ್ಲಿ ರಾತ್ರಿ ಒಂದೂವರೆ ಎರಡು ಸಲ ಬಂತು. ಒಂದು ನಮ್ಮ ಬೆಳಿಗ್ಗೆ 11ಕ್ಕೆ, ಇನ್ನೊಂದು ಮಧ್ಯಾಹ್ನ 12ಕ್ಕೆ. ಅದೇ ವರ್ಷ ಮಾರ್ಚ್ 10ರಂದು ಅಲ್ಲಿ ರಾತ್ರಿ ಎರಡೂವರೆ ಬರಲೇ ಇಲ್ಲ.

ಈ ನಿಯಮಗಳೂ ನಿಂತ ನೀರಲ್ಲ. ಮೆಕ್ಸಿಕೊ 2022ರಲ್ಲಿ ಹೆಚ್ಚಿನ ಭಾಗಗಳಲ್ಲಿ ಈ ಪದ್ಧತಿ ಬಿಟ್ಟಿತು. ಈಜಿಪ್ಟ್ 2023ರಲ್ಲಿ ಮತ್ತೆ ತಂದಿತು. ಅದೇ 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ ಬದಲಾವಣೆಯನ್ನು ಕೊನೇ ಗಳಿಗೆಯಲ್ಲಿ ಮುಂದೂಡಿತು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಕೆಲವು ದಿನ ಒಂದೇ ದೇಶದಲ್ಲಿ ಎರಡು ಸಮಯ! ಮುಂದಿನ ವರ್ಷದ ಪಾಠವನ್ನು ನೀನು ಈಗಲೇ ಯುಟಿಸಿಗೆ ತಿರುಗಿಸಿಟ್ಟರೆ, ಇಂಥ ತೀರ್ಮಾನ ಬಂದ ದಿನ ಪಾಠ ಜಾರಿಹೋಗುತ್ತದೆ.

ಹಾಗಾಗಿ ಮೂರು ಇಟ್ಟುಕೋ. ವಾರ, ಗಂಟೆ, ಯಾವ ಊರಿನ ಗಡಿಯಾರ. ಯುಟಿಸಿಯನ್ನು ಅದರಿಂದ ಲೆಕ್ಕ ಹಾಕಿ ನೆನಪಿನ ಸಂದೇಶ ಕಳಿಸಲು ಬಳಸು, ನಿಯಮ ಬದಲಾದರೆ ಮತ್ತೆ ಲೆಕ್ಕ ಹಾಕು. ನಿನ್ನ ಅತ್ತೆ ಹಾಸನದ ಆರು ಗಂಟೆ ಅಂದರೆ ದುಬೈ ಮಗುವಿಗೆ ವರ್ಷವಿಡೀ ನಾಲ್ಕೂವರೆ. ಲಂಡನ್ ಮಗುವಿಗೆ ಚಳಿಗಾಲದಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಬೇಸಿಗೆಯಲ್ಲಿ ಒಂದೂವರೆ. ಬದಲಾಗುವ ವಾರಕ್ಕೆ ಮೊದಲೇ ಆ ತಾಯಿಗೆ ಒಂದು ಮೆಸೇಜ್ ಹೋಗಲಿ. ಕೋಡ್‌ಗಿಂತ ಆ ಮೆಸೇಜೇ ಜಾಸ್ತಿ ಉಪಕಾರ ಮಾಡುತ್ತದೆ.

ಲೆಕ್ಚರರ್ ಹತ್ತಿರ ಜಗಳ ಬೇಡ. ಅವರು ಅರ್ಧ ಹೇಳಿದ್ದಾರೆ, ಆ ಅರ್ಧ ಸರಿಯಾಗಿಯೇ ಇದೆ.

ಪ್ರಶ್ನೆ: ಬಳಕೆದಾರರು ಯಾವ ಟೈಮ್‌ಜೋನ್‌ನಲ್ಲಿ ಇದ್ದಾರೆ ಅಂತ ಬ್ರೌಸರ್‌ಗೆ ಕೇಳಿದರೆ ಒಂದು ಕಡೆ ‘ಏಷ್ಯಾ/ಕ್ಯಾಲ್ಕಟ್ಟಾ’, ಇನ್ನೊಂದು ಕಡೆ ‘ಏಷ್ಯಾ/ಕೋಲ್ಕತಾ’ ಬರುತ್ತದೆ. ಪಟ್ಟಿಯಲ್ಲಿ ಬೆಂಗಳೂರೂ ಇಲ್ಲ, ದೆಹಲಿಯೂ ಇಲ್ಲ. ಬರೀ +5:30 ಅಂತ ಇಟ್ಟರೆ ಸಾಲದಾ?
— ಸಕಲೇಶಪುರದ ಓದುಗರು

ಉತ್ತರ: ನಮ್ಮವರಿಗೆ ಸಾಲುತ್ತದೆ, ಬೇರೆಯವರಿಗೆ ಇಲ್ಲ. ನ್ಯೂಯಾರ್ಕ್‌ನವರ ಹೆಸರಿನ ಮುಂದೆ -5 ಅಂತ ಇಟ್ಟರೆ ವರ್ಷದಲ್ಲಿ ಎಂಟು ತಿಂಗಳು ಸುಳ್ಳು. ಹೆಸರನ್ನೇ ಇಡಿ.

ಆ ಹೆಸರುಗಳ ಪಟ್ಟಿಯನ್ನು ಆರ್ಥರ್ ಡೇವಿಡ್ ಓಲ್ಸನ್ ಎಂಬುವರು 1980ರ ದಶಕದಲ್ಲಿ ಶುರುಮಾಡಿದರು. ಈಗ ಪಾಲ್ ಎಗರ್ಟ್ ನೋಡಿಕೊಳ್ಳುತ್ತಾರೆ. ನಿಮ್ಮ ಫೋನು, ಲಿನಕ್ಸ್ ಸರ್ವರ್, ಡೇಟಾಬೇಸು ಎಲ್ಲದರ ಹೊಟ್ಟೆಯಲ್ಲೂ ಅದೇ ಇದೆ. 1970ರಿಂದ ಈಚೆಗೆ ಗಡಿಯಾರ ಒಂದೇ ರೀತಿ ನಡೆದಿರುವ ಪ್ರದೇಶಕ್ಕೆಲ್ಲ ಒಂದು ಊರಿನ ಹೆಸರು ಸಾಕು ಅನ್ನುವುದು ಅವರ ಪದ್ಧತಿ. ಭಾರತಕ್ಕೆ ಆ ಪಾಲು ಕೋಲ್ಕತಾಗೆ ಹೋಯಿತು. ಬೆಂಗಳೂರಿಗೆ ಅವಮಾನ ಅಂತ ಬೇಸರ ಬೇಡ. 2008ರಲ್ಲಿ ಹೆಸರು ಕ್ಯಾಲ್ಕಟ್ಟಾದಿಂದ ಕೋಲ್ಕತಾ ಆಯಿತು, ಹಳೆಯದೂ ಅಡ್ಡಹೆಸರಾಗಿ ಉಳಿಯಿತು. ಕ್ರೋಮ್ ಹಳೆಯದನ್ನು ಹೇಳುತ್ತದೆ, ಫೈರ್‌ಫಾಕ್ಸ್ ಹೊಸದನ್ನು. ಎರಡೂ ಒಂದೇ ಅಂತ ನಿಮ್ಮ ಕೋಡ್‌ಗೆ ಗೊತ್ತಿರಲಿ.

ಕೋಲ್ಕತಾ ಹೆಸರಿಗೆ ಒಂದು ಕಥೆಯೂ ಇದೆ. 1906ರಲ್ಲಿ ಭಾರತಕ್ಕೆಲ್ಲ ಒಂದು ಸಮಯ ಬಂದರೂ ಆ ಊರು 1948ರವರೆಗೆ ತನ್ನದೇ ಸಮಯ ಬಿಡಲಿಲ್ಲ. ಬಾಂಬೆ ಇನ್ನೂ ಹಟಮಾರಿ, 1955ರವರೆಗೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ನಮ್ಮಲ್ಲೂ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ನಮ್ಮ ಅತ್ತೆಯ ಅಣ್ಣ ಹುಟ್ಟಿದ್ದು 1944ರಲ್ಲಿ. ಜಾತಕ ಬರೆದ ಜೋಯಿಸರು ಆ ಒಂದು ಗಂಟೆ ಕಳೆದೇ ಬರೆದಿದ್ದಾರೆ. ಓಲ್ಸನ್ ಪಟ್ಟಿಯಲ್ಲೂ ಅದು ದಾಖಲಾಗಿದೆ.

ಬಳಕೆದಾರರ ವಿಷಯಕ್ಕೆ ಬಂದರೆ, ಬ್ರೌಸರ್ ಹೇಳಿದ್ದನ್ನು ಮೊದಲ ಊಹೆ ಅಂತ ತೆಗೆದುಕೊಳ್ಳಿ, ತೋರಿಸಿ, ಬದಲಿಸಲು ಬಿಡಿ. ಪೂರ್ತಿ ಗಂಟೆಗಳನ್ನು ಮಾತ್ರ ಇಟ್ಟ ಪಟ್ಟಿ ಮಾಡಬೇಡಿ, ನಮ್ಮ ಅರ್ಧ ಗಂಟೆಗೆ ಅಲ್ಲಿ ಜಾಗವೇ ಇರುವುದಿಲ್ಲ. ‘ಐಎಸ್‌ಟಿ’ ಅಂತ ಬರೀ ಮೂರಕ್ಷರವನ್ನೂ ಇಡಬೇಡಿ. ಇಸ್ರೇಲ್‌ನವರೂ ಐರ್ಲೆಂಡ್‌ನವರೂ ಅದನ್ನೇ ಬರೆಯುತ್ತಾರೆ.

ಪ್ರಶ್ನೆ: ನ್ಯೂಜೆರ್ಸಿಯ ಮಗಳ ಪಂಚಾಂಗದ ಆಪ್‌ನಲ್ಲಿ ಏಕಾದಶಿ ನಮಗಿಂತ ಒಂದು ದಿನ ಮೊದಲೇ ಬಂದಿದೆ. ಟೈಮ್‌ಜೋನ್ ಲೆಕ್ಕ ತಪ್ಪಿದೆಯಾ? ಅವಳು ಯಾವ ದಿನ ಉಪವಾಸ ಮಾಡಬೇಕು?
— ಗೃಹಿಣಿ, ಬೇಲೂರು

ಉತ್ತರ: ಉಪವಾಸದ ವಿಷಯ ನನ್ನ ಕೈಯಲ್ಲಿಲ್ಲ, ನಮ್ಮ ಅತ್ತೆಯನ್ನು ಕೇಳಿದೆ. ‘ಅವಳಿರೋ ಊರಿನ ಸೂರ್ಯ ನೋಡ್ಕೊಂಡು ಮಾಡ್ಲಿ’ ಅಂದರು. ಆಪ್ ಮಾಡಿದವರೂ ಅದನ್ನೇ ಮಾಡಿರಬೇಕು.

ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದಾಗಲೆಲ್ಲ ಒಂದು ತಿಥಿ ಮುಗಿಯುತ್ತದೆ. ಆ ಕ್ಷಣ ಬೇಲೂರಿಗೂ ನ್ಯೂಜೆರ್ಸಿಗೂ ಒಂದೇ. ಆದರೆ ದಿನಕ್ಕೆ ಹೆಸರು ಬರುವುದು ಆ ಊರಿನ ಸೂರ್ಯೋದಯಕ್ಕೆ ಯಾವ ತಿಥಿ ಇದೆ ಎಂಬುದರ ಮೇಲೆ. ನಮ್ಮಲ್ಲಿ ಸೂರ್ಯ ಹುಟ್ಟಿದಾಗ ಇನ್ನೂ ದಶಮಿ. ಹತ್ತು ಗಂಟೆ ಆಚೀಚೆ ಕಳೆದು ಅಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಏಕಾದಶಿ ಶುರುವಾಗಿರಬಹುದು. ಆಗ ಅದೇ ತಾರೀಕು ಇಲ್ಲಿ ದಶಮಿ, ಅಲ್ಲಿ ಏಕಾದಶಿ. ಆಪ್ ಸರಿ, ನಿಮ್ಮ ಗೋಡೆಯ ಕ್ಯಾಲೆಂಡರೂ ಸರಿ.

ಇಂಥ ಆಪ್ ಮಾಡುವವರಿಗೆ ಬರೀ ಟೈಮ್‌ಜೋನ್ ಸಾಲದು, ಊರಿನ ಅಕ್ಷಾಂಶ ರೇಖಾಂಶವೂ ಬೇಕು. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ಅಲ್ಲಿಗೆ ಹೋಲಿಸಿದರೆ ಚಿಕ್ಕಮಗಳೂರಿನ ಸೂರ್ಯ ಸುಮಾರು 27 ನಿಮಿಷ ಲೇಟು. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು ಅನ್ನುವುದು ಆರಕ್ಕೆ ಬೆಳಗಾಗಿ ಆರಕ್ಕೆ ಕತ್ತಲಾಗುತ್ತದೆ ಅಂತ ಇಟ್ಟುಕೊಂಡ ಲೆಕ್ಕ. ನ್ಯೂಜೆರ್ಸಿಯ ಜೂನ್‌ನಲ್ಲಿ ಹಗಲೇ ಸುಮಾರು 15 ಗಂಟೆ. ಅದನ್ನು ಎಂಟು ಪಾಲು ಮಾಡಿದರೆ ಒಂದೊಂದು ಪಾಲೂ ಎರಡು ಗಂಟೆಗೆ ಹತ್ತಿರ. ‘ಅಯ್ಯೋ ಪಾಪ’ ಅಂದರು ಅತ್ತೆ.

ಪ್ರಶ್ನೆ: ಮಗ ಸಿಯಾಟಲ್‌ನಲ್ಲಿದ್ದಾನೆ. ನನಗೆ ಆಪ್ ಗೀಪ್ ಬರುವುದಿಲ್ಲ. ಎಷ್ಟು ಗಂಟೆಗೆ ಫೋನ್ ಮಾಡಲಿ?
— ತಾಯಿ, ಕಡೂರು

ಉತ್ತರ: ಬೇಸಿಗೆಯಲ್ಲಿ, ಅಂದರೆ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದ ತನಕ, ನಿಮ್ಮ ಗಡಿಯಾರದಲ್ಲಿ ಅರ್ಧ ಗಂಟೆ ಕಳೆದು, ರಾತ್ರಿಯನ್ನು ಬೆಳಿಗ್ಗೆ ಅಂದುಕೊಳ್ಳಿ. ಉಳಿದ ತಿಂಗಳಲ್ಲಿ ಒಂದೂವರೆ ಗಂಟೆ ಕಳೆಯಿರಿ. ನೀವು ರಾತ್ರಿ ಎಂಟೂವರೆಗೆ ಮಾಡಿದರೆ ಅವನಿಗೆ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟು, ಚಳಿಗಾಲದಲ್ಲಿ ಏಳು. ನೀವು ಊಟ ಮುಗಿಸಿ ಕೂತಿರುತ್ತೀರಿ, ಅವನು ಕಾಫಿ ಕುಡಿಯುತ್ತಿರುತ್ತಾನೆ. ಭಾನುವಾರ ರಾತ್ರಿ ಮಾತ್ರ ಹತ್ತರ ಮೇಲೆ ಮಾಡಿ. ಅಲ್ಲೂ ಭಾನುವಾರ ಬೆಳಿಗ್ಗೆಯೇ, ಮಲಗಿರುತ್ತಾನೆ.